ಜೊಹಾನ್ಸ್‌ಬರ್ಗ್‌ಗೆ ಹೋಗಲೋ ಬೇಡವೋ? ಅಪಾಯ ಅನ್ನುವ ದೇಶಗಳಲ್ಲಿ ಇದ್ದು ಬಂದವರು ಹೇಳಿ

ಸ್ಮಿತಾ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಆರು ತಿಂಗಳ ಮಟ್ಟಿಗೆ ದಕ್ಷಿಣ ಆಫ್ರಿಕಾದ ಜೊಹಾನ್ಸ್‌ಬರ್ಗ್‌ಗೆ ಹೋಗುತ್ತೀರಾ ಅಂತ ಕಂಪನಿಯವರು ಕೇಳಿದ್ದಾರೆ. ಬ್ಯಾಂಕ್ ಒಂದರ ಪ್ರಾಜೆಕ್ಟ್, ಆಫೀಸು ಸ್ಯಾಂಡ್ಟನ್‌ನಲ್ಲಿ. ನನಗೆ ಬೇಕಾದಂಥ ಕೆಲಸವೇ. ಬಿಡಲು ಮನಸ್ಸಿಲ್ಲ.

ಆದರೆ ಮನೆಯಲ್ಲಿ ದೊಡ್ಡ ರಾಮಾಯಣ. ಅಮ್ಮ ದಿನಾ ವಾಟ್ಸಾಪ್‌ಗೆ ಒಂದೊಂದು ವಿಡಿಯೊ ಕಳಿಸುತ್ತಾರೆ. ಸಿಗ್ನಲ್‌ನಲ್ಲಿ ನಿಂತ ಕಾರಿನ ಗಾಜು ಒಡೆದು ಬ್ಯಾಗ್ ಕಿತ್ತುಕೊಂಡು ಓಡುವುದು, ಗೇಟ್ ಮುಂದೆ ಬಂದೂಕು ತೋರಿಸಿ ಕಾರು ಒಯ್ಯುವುದು, ಇಂಥವೇ. ಅಪ್ಪ "ಬೇಕಾದ್ರೆ ಕೆಲಸ ಬಿಡು, ಅಲ್ಲಿಗೆ ಮಾತ್ರ ಬೇಡ" ಎಂದುಬಿಟ್ಟರು. ಗಂಡ ನಿನ್ನಿಷ್ಟ ಅನ್ನುತ್ತಾರೆ, ಮುಖ ನೋಡಿದರೆ ಭಯ ಗೊತ್ತಾಗುತ್ತದೆ.

ನನಗೆ ಬೇಕಿರುವುದು ಇದ್ದು ಬಂದವರ ಮಾತು. ಜೋಬರ್ಗ್ ಅಂತಲೇ ಅಲ್ಲ, ಅಪಾಯ ಅಂತ ಹೆಸರಾದ ಯಾವ ದೇಶಕ್ಕೆ ಹೋಗಿದ್ದರೂ ಹೇಳಿ. ನಿಜವಾಗಿ ಹೇಗಿತ್ತು? ಏನು ಮಾಡಿದಿರಿ? ಒಬ್ಬಳೇ ಹೆಂಗಸು ದಿನಾ ಆಫೀಸಿಗೆ ಓಡಾಡಿಕೊಂಡು ಇರಬಹುದಾ?

ಹುಬ್ಬಳ್ಳಿ ಮಂದಿ

ಬೇಡ್ರಿ ಅಕ್ಕಾ. ದುಡ್ಡು ಇವತ್ತಲ್ಲ ನಾಳೆ ಬರುತ್ತದೆ. ಅಪ್ಪಾವರ ಮಾತು ಕೇಳ್ರಿ.

ರಾಂಡ್‌ಬರ್ಗ್ ರಾಯರು

ಜೋಬರ್ಗ್‌ನಲ್ಲಿ ಸಂಸಾರ ಸಮೇತ ಇದ್ದೇನೆ. ಮಗಳು ಇಲ್ಲೇ ಶಾಲೆಗೆ ಹೋಗುತ್ತಾಳೆ. ಮೊದಲು ಒಂದು ಮಾತು: ನಿಮ್ಮಮ್ಮ ಕಳಿಸುವ ವಿಡಿಯೊಗಳು ಸುಳ್ಳಲ್ಲ. ಅವೆಲ್ಲ ಇಲ್ಲಿ ಆಗುತ್ತವೆ. ದಿನಾ ಎಲ್ಲರಿಗೂ ಆಗುವುದಿಲ್ಲ, ಅಷ್ಟೇ.

ಇದನ್ನು ಒಂದೇ ಊರು ಅಂದುಕೊಳ್ಳಬೇಡಿ. ಸ್ಯಾಂಡ್ಟನ್, ರೋಸ್‌ಬ್ಯಾಂಕ್ ಕಡೆ ಗಾಜಿನ ಕಟ್ಟಡ, ಮಾಲ್, ಹೋಟೆಲ್. ಹೆದ್ದಾರಿ ದಾಟಿದರೆ ಅಲೆಕ್ಸಾಂಡ್ರಾ, ತಗಡಿನ ಮನೆಗಳು ಒತ್ತೊತ್ತಾಗಿ ತುಂಬಿರುವ ಟೌನ್‌ಶಿಪ್. ಹಳೆ ಊರಿನ ನಡುವೆ ಹಿಲ್‌ಬ್ರೋ, ಬೆರಿಯಾ. ಅಲ್ಲಿಗೆ ಆ ಕಡೆಯವರು ಜೊತೆಗಿಲ್ಲದೆ ನಾನೂ ಹೋಗುವುದಿಲ್ಲ. ಅಪಾರ್ಥೈಡ್ ಕಾಲದಲ್ಲಿ ಬಣ್ಣ ನೋಡಿ ಜನರನ್ನು ಬೇರೆ ಬೇರೆ ಕಡೆಗೆ ಅಟ್ಟಿದರು. 1994ರಲ್ಲಿ ಸರ್ಕಾರ ಬದಲಾಯಿತು, ಆ ಗೆರೆಗಳು ಮಾತ್ರ ಇನ್ನೂ ಹಾಗೇ ಇವೆ. ಕೆಲಸ ಹುಡುಕುವವರಲ್ಲಿ ನೂರಕ್ಕೆ ಮೂವತ್ತಕ್ಕೂ ಹೆಚ್ಚು ಜನಕ್ಕೆ ಕೆಲಸವಿಲ್ಲ. ದರೋಡೆ ಯಾಕೆ ಇಷ್ಟು ಅಂತ ಕೇಳುವವರು ಮೊದಲು ಇದನ್ನು ನೋಡಬೇಕು.

ನಿತ್ಯದ ವಿಷಯಕ್ಕೆ ಬರೋಣ. ಸಿಗ್ನಲ್‌ನಲ್ಲಿ ಕಾರು ನಿಂತಾಗ ಬ್ಯಾಗು, ಲ್ಯಾಪ್‌ಟಾಪು ಸೀಟಿನ ಮೇಲೆ ಇರಬಾರದು. ಡಿಕ್ಕಿಯಲ್ಲಿ ಇರಬೇಕು, ಅದೂ ಹೊರಡುವ ಮುಂಚೆಯೇ ಹಾಕಿರಬೇಕು. ಪಾರ್ಕ್ ಮಾಡಿದ ಮೇಲೆ ಡಿಕ್ಕಿ ತೆಗೆದು ಇಟ್ಟರೆ ನೋಡುವವರು ನೋಡಿರುತ್ತಾರೆ. ಮುಂದಿನ ಕಾರಿನಿಂದ ಸ್ವಲ್ಪ ಜಾಗ ಬಿಟ್ಟು ನಿಲ್ಲಿಸುತ್ತೇವೆ, ಏನಾದರೂ ಆದರೆ ಪಕ್ಕಕ್ಕೆ ತಿರುಗಿಸಿ ಹೋಗಲು. ಗಾಜಿಗೆ ಬೇಗ ಒಡೆಯದ ಫಿಲ್ಮ್ ಹಾಕಿಸುತ್ತಾರೆ. ಎಲ್ಲಕ್ಕಿಂತ ಜಾಸ್ತಿ ಹುಷಾರು ಬೇಕಿರುವುದು ಸ್ವಂತ ಮನೆಯ ಗೇಟಿನ ಮುಂದೆ. ಗೇಟ್ ತೆರೆಯಲಿ ಅಂತ ಕಾಯುವ ಹೊತ್ತಿನಲ್ಲೇ ಬರುತ್ತಾರೆ. ಹಿಂದೆ ಯಾವುದೋ ಗಾಡಿ ಬಿಡದೆ ಬರುತ್ತಿದೆ ಅನ್ನಿಸಿದರೆ ಮನೆಗೆ ತಿರುಗಬೇಡಿ. ಬೆಳಕು, ಜನ ಇರುವ ಪೆಟ್ರೋಲ್ ಬಂಕ್‌ಗೋ ಪೊಲೀಸ್ ಠಾಣೆಗೋ ನೇರ ಹೋಗಿ.

ನಿಮಗೆ ಕಾರು ಬೇಕೇ ಆಗುವುದಿಲ್ಲ. ವಿಮಾನ ನಿಲ್ದಾಣದಿಂದ ಸ್ಯಾಂಡ್ಟನ್‌ಗೆ ಗೌಟ್ರೇನ್ ರೈಲಿದೆ, ಹದಿನೈದು ನಿಮಿಷದ ದಾರಿ. 2010ರ ಫುಟ್‌ಬಾಲ್ ವಿಶ್ವಕಪ್‌ಗೆ ಸ್ವಲ್ಪ ಮುಂಚೆ ಶುರುವಾಗಿದ್ದು. ಸ್ಟೇಷನ್‌ಗಳಲ್ಲಿ ಕಾವಲು ಚೆನ್ನಾಗಿದೆ. ಸ್ಟೇಷನ್‌ಗೆ ಹತ್ತಿರ, ಕಾಂಪೌಂಡು ಮತ್ತು ಸೆಕ್ಯೂರಿಟಿ ಇರುವ ಅಪಾರ್ಟ್‌ಮೆಂಟ್ ಕೊಡಿ ಅಂತ ಕಂಪನಿಗೆ ಬರವಣಿಗೆಯಲ್ಲಿ ಕೇಳಿ. ಸಂಕೋಚ ಬೇಡ.

ಲೆಕ್ಕಾಚಾರ

ರಾಯರೇ, ವಿಷಯ ಸ್ವಲ್ಪ ಹಗುರ ಮಾಡಿಬಿಟ್ಟಿರಿ. ಅಂಕಿ ನೋಡಿ. ದಕ್ಷಿಣ ಆಫ್ರಿಕಾದಲ್ಲಿ 2022-23ರಲ್ಲಿ 27 ಸಾವಿರಕ್ಕೂ ಹೆಚ್ಚು ಕೊಲೆ. ಭಾರತದಲ್ಲಿ 2022ರಲ್ಲಿ 28 ಸಾವಿರ ಚಿಲ್ಲರೆ. ನಾವು 140 ಕೋಟಿ ಜನ, ಅವರು 6 ಕೋಟಿಯ ಮೇಲೆ ಸ್ವಲ್ಪ. ಲಕ್ಷ ಜನಕ್ಕೆ ಲೆಕ್ಕ ಹಾಕಿದರೆ ನಮ್ಮಲ್ಲಿ ಎರಡು, ಅಲ್ಲಿ ನಲವತ್ತೈದರ ಹತ್ತಿರ. ಇಷ್ಟು ವ್ಯತ್ಯಾಸ ಇರುವಾಗ "ಹುಷಾರಾಗಿದ್ದರೆ ಏನೂ ಆಗಲ್ಲ" ಅನ್ನುವುದು ತಪ್ಪು.

ರಾಂಡ್‌ಬರ್ಗ್ ರಾಯರು

ಏನೂ ಆಗಲ್ಲ ಅಂತ ನಾನೆಲ್ಲಿ ಬರೆದೆ? ನಿಮ್ಮ ಅಂಕಿ ಸರಿ. ಆದರೆ ಆ ಕೊಲೆಗಳು ದೇಶದ ತುಂಬ ಸಮನಾಗಿ ಹರಡಿಲ್ಲ. ಕೇಪ್‌ಟೌನ್ ಹೊರವಲಯದ ಡೆಲ್ಫ್ಟ್, ಎಂಫುಲೇನಿ, ಡರ್ಬನ್ ಹತ್ತಿರದ ಇನಾಂಡಾ, ಮತ್ತೆ ಮತ್ತೆ ಪಟ್ಟಿಯ ಮೇಲೆ ಬರುವುದು ಇಂಥ ಠಾಣೆಗಳೇ. ಸಾಯುವವರಲ್ಲಿ ಹೆಚ್ಚಿನವರು ಅಲ್ಲಿನ ಬಡವರ ಮನೆ ಹುಡುಗರು. ಅದು ಈ ದೇಶದ ದೊಡ್ಡ ಸಂಕಟ. ಸ್ಯಾಂಡ್ಟನ್‌ಗೆ ಬರುವ ಸ್ಮಿತಾ ಅವರಿಗೆ ಎದುರಾಗಬಹುದಾದ್ದು ದರೋಡೆ. ಅದಕ್ಕೇ ದರೋಡೆ ಬಗ್ಗೆ ಬರೆದೆ.

ಲೆಕ್ಕಾಚಾರ

ದರೋಡೆಗೆ ಬಂದವನ ಕೈಯಲ್ಲಿ ಬಂದೂಕು ಇರುವಾಗ ಅದು ಕೊಲೆ ಆಗಲು ಎಷ್ಟು ಹೊತ್ತು ಬೇಕು ಹೇಳಿ?

ಮಂಡ್ಯದ ಗೌಡ್ರು

ಅದು ನನಗೇ ಆಗಿದೆ. ಹೇಳುತ್ತೇನೆ ಕೇಳಿ.

ಮಿಡ್‌ರ್ಯಾಂಡ್‌ನಲ್ಲಿ ಸ್ನೇಹಿತನ ಮನೆಗೆ ಊಟಕ್ಕೆ ಹೊರಟಿದ್ದೆವು. ಅವನೇ ಓಡಿಸುತ್ತಿದ್ದ. ಗೇಟಿನ ಮುಂದೆ ನಿಂತ ತಕ್ಷಣ ಇಬ್ಬರು ಬಂದರು, ಒಬ್ಬನ ಕೈಯಲ್ಲಿ ಪಿಸ್ತೂಲು. ಸ್ನೇಹಿತ ಎರಡೂ ಕೈ ಕಾಣುವ ಹಾಗೆ ಸ್ಟಿಯರಿಂಗ್ ಮೇಲೆ ಇಟ್ಟ. "ಈಗ ಬೆಲ್ಟ್ ತೆಗೆಯುತ್ತೇನೆ" ಅಂತ ಅವರಿಗೆ ಹೇಳಿ, ಆಮೇಲೆ ನಿಧಾನ ಸೀಟ್ ಬೆಲ್ಟ್ ತೆಗೆದ. ಕೈ ಸರಕ್ಕನೆ ಕೆಳಗೆ ಹೋದರೆ ಆಯುಧ ತೆಗೆಯುತ್ತಿದ್ದಾನೆ ಅಂತ ಗುಂಡು ಹಾರಿಸುತ್ತಾರಂತೆ. ಇಳಿದೆವು. ಅವರು ಹತ್ತಿದರು, ಹೋದರು. ಒಂದು ನಿಮಿಷವೂ ಆಗಲಿಲ್ಲ. ನಾನು ಅವರ ಮುಖ ನೋಡಲೇ ಇಲ್ಲ. ಅಲ್ಲಿನವರು ಮಕ್ಕಳಿಗೂ ಅದನ್ನೇ ಕಲಿಸುತ್ತಾರೆ: ಕಣ್ಣಿಟ್ಟು ನೋಡಬೇಡ, ವಾದ ಬೇಡ, ಕೇಳಿದ್ದು ಕೊಡು. ಮಗು ಇದ್ದರೆ ಡ್ರೈವರ್ ಸೀಟಿನ ಹಿಂದೆಯೇ ಕೂರಿಸುತ್ತಾರೆ, ಇಳಿದವರು ಹಿಂದಿನ ಬಾಗಿಲು ತೆಗೆದು ಒಂದೇ ಸಲಕ್ಕೆ ಎತ್ತಿಕೊಳ್ಳಲಿ ಅಂತ.

ಪೊಲೀಸರಿಗಿಂತ ಮುಂಚೆ ಬಂದದ್ದು ಖಾಸಗಿ ಸೆಕ್ಯೂರಿಟಿಯವರ ಗಾಡಿ. ಆ ದೇಶದಲ್ಲಿ ಪೊಲೀಸರಿಗಿಂತ ಖಾಸಗಿ ಗಾರ್ಡ್‌ಗಳೇ ಜಾಸ್ತಿ, ಐದು ಲಕ್ಷದ ಮೇಲಿದ್ದಾರೆ.

ಆಮೇಲೂ ಕೆಲಸ ಮುಗಿಸಿಕೊಂಡೇ ಬಂದೆ. ಮತ್ತೆ ಕಳಿಸಿದರೆ ಒಬ್ಬನೇ ಹೋಗುತ್ತೇನೆ. ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೋಗಲ್ಲ. ಇದು ನನ್ನ ಅಭಿಪ್ರಾಯ, ರಾಯರು ಬೇಜಾರು ಮಾಡಿಕೊಳ್ಳಬಾರದು.

ರಾಂಡ್‌ಬರ್ಗ್ ರಾಯರು

ಬೇಜಾರು ಯಾಕೆ ಗೌಡ್ರೇ. ಬಂದೂಕಿನ ಮುಂದೆ ನಿಂತವರು ನೀವು.

ಸ್ಮಿತಾ, ದಾವಣಗೆರೆ

ಓದಿ ಎದೆ ಝಲ್ ಅಂದಿತು ಗೌಡ್ರೇ. ಆದರೂ ಇಷ್ಟು ಬಿಡಿಸಿ ಹೇಳಿದ್ದಕ್ಕೆ ಥ್ಯಾಂಕ್ಸ್. ಅಲ್ಲಿ ಒಬ್ಬರೇ ಇದ್ದ ಹೆಂಗಸರು ಯಾರಾದರೂ ಇದ್ದೀರಾ?

ವನಮಾಲಾ ಧಾರವಾಡ

ನಾನಿದ್ದೆ, ರೋಸ್‌ಬ್ಯಾಂಕ್‌ನಲ್ಲಿ. ದರೋಡೆ ಆಗಲಿಲ್ಲ, ಯಾರೂ ಮೈಮೇಲೆ ಬರಲಿಲ್ಲ. ನನಗೆ ಕಷ್ಟ ಆದದ್ದು ಬೇರೆ. ಸಂಜೆ ನಡೆಯುವಂತಿಲ್ಲ. ಧಾರವಾಡದಲ್ಲಿ ಊಟ ಆದ ಮೇಲೂ ಒಂದು ಸುತ್ತು ನಡೆದು ಬರುವವಳು ನಾನು. ಅಲ್ಲಿ ಕತ್ತಲಾದರೆ ಕಣ್ಣಿಗೆ ಕಾಣುವ ಅಂಗಡಿಗೂ ಕ್ಯಾಬ್ ಹಿಡಿಯಬೇಕು. ಮನೆ, ಆಫೀಸು, ಮಾಲ್, ಮತ್ತೆ ಮನೆ. ಕೆಲವು ದಿನ ಉಸಿರು ಕಟ್ಟುತ್ತದೆ. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ, ಅದಕ್ಕೆ ಹೇಳುತ್ತಿದ್ದೇನೆ.

ನಾನು ಮಾಡಿಕೊಂಡ ದಾರಿ: ಶನಿವಾರ ಬೆಳಗ್ಗೆ ಪಾರ್ಕ್‌ರನ್. ಊರಿನ ದೊಡ್ಡ ಪಾರ್ಕ್‌ಗಳಲ್ಲಿ ನೂರಾರು ಜನ ಸೇರಿ ಐದು ಕಿಲೋಮೀಟರ್ ಓಡುತ್ತಾರೆ, ನಡೆಯುತ್ತಾರೆ. ದುಡ್ಡಿಲ್ಲ. ಅಜ್ಜಿಯರು, ನಾಯಿಗಳು, ಮಕ್ಕಳ ಗಾಡಿ ಎಲ್ಲ ಇರುತ್ತದೆ. ಅಲ್ಲೇ ನನಗೆ ಸ್ನೇಹಿತರು ಸಿಕ್ಕಿದ್ದು. ಅವರ ಜೊತೆ ಸೊವೆಟೊ ಟೌನ್‌ಶಿಪ್‌ಗೆ ಹೋದೆ. ವಿಲಾಕಾಜಿ ಬೀದಿಯಲ್ಲಿ ಮಂಡೇಲಾ ಇದ್ದ ಪುಟ್ಟ ಮನೆ ಇದೆ, ಆರ್ಚ್‌ಬಿಷಪ್ ಡೆಸ್ಮಂಡ್ ಟುಟು ಮನೆಯೂ ಅದೇ ಬೀದಿ. ಕಾನ್ಸ್ಟಿಟ್ಯೂಷನ್ ಹಿಲ್‌ನ ಹಳೆ ಜೈಲಂತೂ ನೋಡಲೇಬೇಕು. ಗಾಂಧಿಯನ್ನೂ ಮಂಡೇಲಾರನ್ನೂ ಇಟ್ಟಿದ್ದ ಜಾಗ, ಈಗ ಆ ದೇಶದ ಸಾಂವಿಧಾನಿಕ ನ್ಯಾಯಾಲಯ ಅಲ್ಲೇ ಇದೆ.

ಇನ್ನು ಸಣ್ಣ ವಿಷಯಗಳು. ಎಟಿಎಂ ಮಾಲ್ ಒಳಗಿನದ್ದೇ ಬಳಸಿ. ಸಹಾಯ ಮಾಡಲು ಬಂದವರಿಗೆ ಬೇಡ ಅನ್ನಿ, ಕಾರ್ಡ್ ಬದಲಾಯಿಸಿಬಿಡುತ್ತಾರೆ. ಕ್ಯಾಬ್ ಬಂದಾಗ ನಂಬರ್ ಪ್ಲೇಟ್ ನೋಡಿಯೇ ಹತ್ತಿ, ಬರುವವರೆಗೂ ಕಟ್ಟಡದ ಒಳಗೇ ನಿಲ್ಲಿ. ಬೀದಿಯಲ್ಲಿ ಫೋನ್ ಹೊರಗೆ ತೆಗೆಯಬೇಡಿ. ಅಂಗಡಿಗೆ ಹೋದರೆ ನೇರ ರೇಟ್ ಕೇಳಬೇಡಿ, ಮೊದಲು ಹೇಗಿದ್ದೀರಿ ಅಂತ ವಿಚಾರಿಸಿ. ಅಲ್ಲಿ ಅದು ಮರ್ಯಾದೆ. ಆಮೇಲೆ ನೋಡಿ ಎಷ್ಟು ಪ್ರೀತಿಯಿಂದ ಮಾತಾಡುತ್ತಾರೆ.

ಹುಬ್ಬಳ್ಳಿ ಮಂದಿ

ಉಸಿರು ಕಟ್ಟಿಕೊಂಡು ಇರಲು ಅಷ್ಟು ದೂರ ಯಾಕ್ರಿ?

ವನಮಾಲಾ ಧಾರವಾಡ

ಕೆಲವು ದಿನ ಅಂತ ಬರೆದಿದ್ದೇನೆ ಸರ್. ನನ್ನ ಕೆಲಸದಲ್ಲಿ ನಾನು ಮೇಲೆ ಬಂದದ್ದು ಅಲ್ಲಿಗೆ ಹೋಗಿದ್ದರಿಂದಲೇ. ನನ್ನ ತಮ್ಮನಿಗೆ ಇದೇ ಅವಕಾಶ ಬಂದಾಗ ಮನೆಯಲ್ಲಿ ಯಾರೂ ಬೇಡ ಅನ್ನಲಿಲ್ಲ.

ಮಲ್ಪೆ ಕಡಲು

ನಾನು ಮರ್ಚೆಂಟ್ ನೇವಿ. ನಮಗೆ ಅಪಾಯದ ದೇಶ ಅಂತಿಲ್ಲ ಮಾರಾಯ್ರೆ, ಅಪಾಯದ ನೀರು. ಏಡನ್ ಕೊಲ್ಲಿ, ಸೊಮಾಲಿಯಾ ಕಡೆ. ಹಡಗಿನ ಸುತ್ತ ಮುಳ್ಳುತಂತಿ ಕಟ್ಟುವುದು, ಕಡಲ್ಗಳ್ಳರು ಏಣಿ ಹಾಕಿದರೆ ಇರಲಿ ಅಂತ ನೀರಿನ ಪೈಪು ಸಿದ್ಧ ಇಡುವುದು, ರಾತ್ರಿ ಡೆಕ್ ಮೇಲೆ ಪಾಳಿ ಹಾಕಿಕೊಂಡು ನೋಡುವುದು. ಒಳಗೆ ಒಂದು ಗಟ್ಟಿ ಕೋಣೆ ಇರುತ್ತದೆ, ಸಿಟಡೆಲ್ ಅನ್ನುತ್ತೇವೆ. ಕಳ್ಳರು ಹತ್ತಿದರೆ ಎಲ್ಲರೂ ಅದರೊಳಗೆ ಹೋಗಿ ಬಾಗಿಲು ಹಾಕಿಕೊಳ್ಳಬೇಕು. ಅದು ಸುಮ್ನೆ ಲೆಕ್ಕಕ್ಕೆ ಇರುವ ಕೋಣೆ ಅಲ್ಲ. 2024ರ ಜನವರಿಯಲ್ಲಿ ಲಿಲಾ ನಾರ್ಫೋಕ್ ಹಡಗಿಗೆ ಕಳ್ಳರು ಹತ್ತಿದಾಗ 21 ಜನ ಅದರೊಳಗೆ ಕೂತು ಬದುಕಿದರು, ಅವರಲ್ಲಿ 15 ಜನ ಭಾರತದವರು. ನಮ್ಮ ನೌಕಾಪಡೆಯ ಐಎನ್‌ಎಸ್ ಚೆನ್ನೈ ಹೋಗಿ ಬಿಡಿಸಿತು. ಆ ಕೊಲ್ಲಿಯಲ್ಲಿ 2008ರಿಂದ ನಮ್ಮ ನೌಕಾಪಡೆ ಕಾವಲು ಇದೆ. ರೇಡಿಯೋದಲ್ಲಿ ಅವರ ದನಿ ಕೇಳಿದರೆ ಆಗುವ ನೆಮ್ಮದಿ ಇದೆಯಲ್ಲ, ಅದು ಅಲ್ಲಿದ್ದವರಿಗೇ ಗೊತ್ತು.

ಆಮೇಲೆ ಕೆಂಪು ಸಮುದ್ರದಲ್ಲಿ ಯೆಮನ್‌ನ ಹೂಥಿ ಬಂಡುಕೋರರ ಕ್ಷಿಪಣಿ ಶುರುವಾಯಿತು. ಅದಕ್ಕೆ ಮುಳ್ಳುತಂತಿ ಏನು ಮಾಡುತ್ತದೆ? ಎಷ್ಟೋ ಹಡಗುಗಳು ಸೂಯೆಜ್ ಬಿಟ್ಟು ಆಫ್ರಿಕಾ ಸುತ್ತಿ ಹೋದವು. ಯೂನಿಯನ್ ಒಪ್ಪಂದ ಇರುವ ಹಡಗಿನಲ್ಲಿ ಯುದ್ಧವಲಯಕ್ಕೆ ಬರಲ್ಲ ಅನ್ನುವ ಹಕ್ಕು ಸಿಬ್ಬಂದಿಗೆ ಇದೆ, ಊರಿಗೆ ಕಳಿಸುವ ಖರ್ಚು ಕಂಪನಿಯದ್ದು. ನಮ್ಮ ಕಡೆಯ ಹುಡುಗರಿಗೆ ಇದು ಗೊತ್ತಿರಬೇಕು. ಏಜೆಂಟ್ ಹೇಳುವುದಿಲ್ಲ.

ಕುಂದಾಪುರ ಭಂಡಾರಿ

ಇಲ್ಲಿ ಎಲ್ಲರೂ ಅಪಾಯದ ಪಟ್ಟಿಯಲ್ಲಿರುವ ಜಾಗದ ಬಗ್ಗೆ ಮಾತಾಡುತ್ತಿದ್ದೀರಿ. ನಾನು ಯಾವ ಪಟ್ಟಿಯಲ್ಲೂ ಇಲ್ಲದ ಜಾಗದ ಕತೆ ಹೇಳುತ್ತೇನೆ. ಕುವೈತ್, 1990.

ಸಾಲ್ಮಿಯಾದಲ್ಲಿ ಒಂದು ವ್ಯಾಪಾರ ಕಂಪನಿಯಲ್ಲಿ ಲೆಕ್ಕ ಬರೆಯುವ ಕೆಲಸ. ಊರಿನವರೆಲ್ಲ ನನ್ನನ್ನು ಪುಣ್ಯವಂತ ಅನ್ನುತ್ತಿದ್ದರು. ಬಾಗಿಲಿಗೆ ಬೀಗ ಹಾಕದೆ ಮಲಗಿದರೂ ನಡೆಯುತ್ತಿತ್ತು. ಆಗಸ್ಟ್ 2, ಗುರುವಾರ ಬೆಳಗ್ಗೆ ಎದ್ದರೆ ಇರಾಕಿನ ಸೈನ್ಯ ಊರೊಳಗೆ ಬಂದಿದೆ. ಬ್ಯಾಂಕ್ ಮುಚ್ಚಿತು. ವರ್ಷಗಟ್ಟಲೆ ಕೂಡಿಟ್ಟ ದುಡ್ಡು ಒಳಗೆ. ಮಾಲೀಕರು ಅಷ್ಟರಲ್ಲಿ ದೇಶ ಬಿಟ್ಟಿದ್ದರು. ಸಂಬಳ ಯಾರನ್ನು ಕೇಳುವುದು? ರೊಟ್ಟಿಗೆ ಬೆಳಗಿನ ಜಾವದಿಂದ ಕ್ಯೂ. ಅಂಗಡಿ ಲೂಟಿ ಆಗುವುದನ್ನು ಕಿಟಕಿಯಿಂದ ನೋಡಿದೆವು.

ಹೊರಟದ್ದು ಬಸ್ಸಿನಲ್ಲಿ. ಬಸ್ರಾ, ಬಾಗ್ದಾದ್, ಅಲ್ಲಿಂದ ಮರುಭೂಮಿ ದಾಟಿ ಜೋರ್ಡಾನ್ ಗಡಿ. ಗಡಿಯಲ್ಲಿ ಡೇರೆ. ಹಗಲು ಬೆಂಕಿ, ರಾತ್ರಿ ಚಳಿ, ಕುಡಿಯುವ ನೀರಿನ ಲಾರಿ ಬಂದರೆ ನೂಕುನುಗ್ಗಲು. ನಮ್ಮ ಜೊತೆ ಮಂಗಳೂರಿನ ಒಬ್ಬರು ನರ್ಸ್ ಇದ್ದರು. ತಮ್ಮ ಪಾಲಿನ ನೀರನ್ನು ಬೇರೆಯವರ ಮಕ್ಕಳಿಗೆ ಕೊಟ್ಟರು. ಅಮ್ಮಾನ್ ತಲುಪಿದ ಮೇಲೆ ಏರ್ ಇಂಡಿಯಾ. 488 ವಿಮಾನ ಹಾರಿಸಿ ಲಕ್ಷಕ್ಕೂ ಹೆಚ್ಚು ಜನರನ್ನು ಕರೆತಂದರು. ಮುಂಬೈಯಲ್ಲಿ ಇಳಿದಾಗ ಕೈಯಲ್ಲಿ ಒಂದು ಚೀಲ.

ಆ ಚೀಲದಲ್ಲಿ ಏನಿತ್ತು ಅಂದರೆ ಪಾಸ್‌ಪೋರ್ಟ್, ಕೆಲಸದ ಒಪ್ಪಂದ, ಸಂಬಳದ ಚೀಟಿ, ಬ್ಯಾಂಕ್ ಪುಸ್ತಕ. ವರ್ಷಗಳ ಮೇಲೆ ವಿಶ್ವಸಂಸ್ಥೆಯ ಪರಿಹಾರ ಆಯೋಗ ಅರ್ಜಿ ಕರೆಯಿತು. ಕಾಗದ ಇದ್ದವರಿಗೆ ಕೇಳುವುದು ಸುಲಭವಾಯಿತು. ಚಿನ್ನ ಹಿಡಿದುಕೊಂಡು ಕಾಗದ ಬಿಟ್ಟು ಬಂದವರು ಬಹಳ ಒದ್ದಾಡಿದರು. ಸ್ಮಿತಾ ಮಗಳೇ, ನೀವು ಹೋಗುವುದಾದರೆ ಎಲ್ಲ ಕಾಗದದ ಒಂದು ಪ್ರತಿ ದಾವಣಗೆರೆಯಲ್ಲಿ ಅಪ್ಪನ ಹತ್ತಿರ ಇರಲಿ.

ಲೆಕ್ಕಾಚಾರ

ಭಂಡಾರಿ ಮಾಮ, ಮತ್ತೆ ಗಲ್ಫ್‌ಗೆ ಹೋದಿರಾ?

ಕುಂದಾಪುರ ಭಂಡಾರಿ

ಕುವೈತ್‌ಗೇ ಹೋದೆ. ಯುದ್ಧ ಮುಗಿದ ಮೇಲೆ ಎಣ್ಣೆ ಬಾವಿಗಳ ಬೆಂಕಿಯ ಮಸಿ ಇನ್ನೂ ಗೋಡೆ ಮೇಲಿತ್ತು. ನಿವೃತ್ತಿ ಆಗುವವರೆಗೂ ಅಲ್ಲೇ ದುಡಿದೆ. ಇಬ್ಬರು ತಂಗಿಯರ ಮದುವೆ ಬಾಕಿ ಇತ್ತು.

ಖಾರ್ಕಿವ್ ಬ್ಯಾಚ್

ಹಿರಿಯರು ಹೇಳಿದ್ದು ನಮಗೂ ಆಯಿತು. ನಾನು ಉಕ್ರೇನ್‌ನಲ್ಲಿ ಎಂಬಿಬಿಎಸ್ ಓದುತ್ತಿದ್ದೆ. 2022ರ ಫೆಬ್ರವರಿ ಮಧ್ಯದಲ್ಲೇ ನಮ್ಮ ರಾಯಭಾರ ಕಚೇರಿ ಸದ್ಯಕ್ಕೆ ಹೊರಡುವುದನ್ನು ಯೋಚಿಸಿ ಎಂದಿತ್ತು. ಆದರೆ ಕಾಲೇಜು ಆನ್‌ಲೈನ್ ಪಾಠ ಕೊಡಲಿಲ್ಲ. ಹಾಜರಿ ಹೋದರೆ ವರ್ಷ ಹೋಗುತ್ತದೆ ಅನ್ನುವ ಭಯ. ಟಿಕೆಟ್ ದರ ಏರಿತು. "ಮೊದಲೇ ಯಾಕೆ ಬರಲಿಲ್ಲ" ಅಂತ ಊರಲ್ಲಿ ಎಷ್ಟು ಜನ ಕೇಳಿದರೋ. ಸಾಲ ಮಾಡಿ ಓದಿಸುತ್ತಿರುವ ಅಪ್ಪನ ಮುಖ ನೆನಪಿದ್ದವರು ಹಾಗೆ ಕೇಳುವುದಿಲ್ಲ.

24ರಂದು ಬಾಂಬ್ ಶುರು. ಮೆಟ್ರೋ ಸ್ಟೇಷನ್ ಒಳಗೆ ಮಲಗಿದೆವು. ಮಾರ್ಚ್ 1ರಂದು ಹಾವೇರಿ ಜಿಲ್ಲೆಯ ನಮ್ಮ ಸೀನಿಯರ್ ಒಬ್ಬರು ಶೆಲ್ ದಾಳಿಗೆ ಹೋಗಿಬಿಟ್ಟರು. ದಿನಸಿ ತರಲು ಹೋಗಿ ಕ್ಯೂನಲ್ಲಿ ನಿಂತಿದ್ದವರು. ಮಾರನೇ ದಿನ ಸಂಜೆ ಆರರೊಳಗೆ ಖಾರ್ಕಿವ್ ಬಿಡಿ, ಪೆಸೋಚಿನ್ ಕಡೆ ನಡೆದಾದರೂ ಹೋಗಿ ಅಂತ ರಾಯಭಾರ ಕಚೇರಿ ಹೇಳಿತು. ನಡೆದೆವು. ಹಿಮ, ಕೈಯಲ್ಲಿ ಬಿಸ್ಕತ್ತು, ಮೇಲೆ ಸದ್ದು.

ಉಕ್ರೇನ್‌ಗೆ ಹೋಗುವಾಗ ಅಪಾಯ ಅಂತ ನಮಗೆ ಯಾರೂ ಹೇಳಿರಲಿಲ್ಲ. ಅಲ್ಲಿ ಸೀಟಿನ ಖರ್ಚು ಕಡಿಮೆ ಅಂತ ಮಾತ್ರ ಹೇಳಿದ್ದರು.

ವನಮಾಲಾ ಧಾರವಾಡ

ಏನು ಹೇಳಲಿ ತಮ್ಮಾ. ಈಗ ಓದು ಮುಗಿಯಿತಾ?

ಖಾರ್ಕಿವ್ ಬ್ಯಾಚ್

ಬೇರೆ ದೇಶದಲ್ಲಿ ಮುಗಿಸಿದೆ ಅಕ್ಕಾ. ಈಗ ಇಲ್ಲೇ ಪರೀಕ್ಷೆಗೆ ಓದುತ್ತಿದ್ದೇನೆ.

ಪ್ಯಾಕ್ ಮಾಡು ಗುರು

ಎಲ್ಲರೂ ಕೆಲಸ, ಓದು ಅಂತಿದ್ದೀರಿ. ನಾನು ಸುತ್ತಲೆಂದೇ ಹೋಗುವವನು. ಮುಂದಿನ ಸಲ ಅಫ್ಘಾನಿಸ್ತಾನ. 2021ರಲ್ಲೇ ಹಳೆ ಯುದ್ಧ ಮುಗಿಯಿತು, ಎಷ್ಟೋ ಜನ ಹೋಗಿ ವಿಡಿಯೊ ಹಾಕಿದ್ದಾರೆ. ಜನ ಕರೆದು ಚಹಾ ಕೊಡುತ್ತಾರೆ. ಬುದ್ಧನ ದೊಡ್ಡ ಮೂರ್ತಿಗಳಿದ್ದ ಬಾಮಿಯಾನ್ ನೋಡಬೇಕು.

ಸಲ್ಮಾ ಡ್ಯಾಮ್

ಜನ ಚಹಾ ಕೊಡುವುದು ನಿಜ. ಹೆರಾತ್ ಪ್ರಾಂತ್ಯದಲ್ಲಿ ಭಾರತ ಕಟ್ಟಿದ ಸಲ್ಮಾ ಅಣೆಕಟ್ಟಿನ ಕೆಲಸದಲ್ಲಿ ನಾನಿದ್ದೆ. 2016ರಲ್ಲಿ ಉದ್ಘಾಟನೆ ಆಯಿತು. ಅಲ್ಲಿನ ಕೂಲಿಯವರು ತಮ್ಮ ರೊಟ್ಟಿಯಲ್ಲಿ ಅರ್ಧ ನಮಗೆ ಕೊಡುತ್ತಿದ್ದರು. ಆ ಜನರ ಬಗ್ಗೆ ಒಂದು ಕೆಟ್ಟ ಮಾತು ನನ್ನ ಬಾಯಲ್ಲಿ ಬರುವುದಿಲ್ಲ.

ಆದರೆ ಬಾಮಿಯಾನ್‌ನಲ್ಲೇ 2024ರ ಮೇ ತಿಂಗಳಲ್ಲಿ ಸ್ಪೇನಿನ ಮೂವರು ಪ್ರವಾಸಿಗಳನ್ನು ಮಾರುಕಟ್ಟೆಯಲ್ಲಿ ಗುಂಡಿಟ್ಟು ಕೊಂದರು. ಜೊತೆಗಿದ್ದ ಅಫ್ಘನ್ನರೂ ಸತ್ತರು. ನಿಮಗೇನಾದರೂ ಆದರೆ ನಿಮ್ಮನ್ನು ಕರೆದುಕೊಂಡು ಹೋದ ಗೈಡು, ಡ್ರೈವರು ಮೊದಲು ಸಿಕ್ಕಿಹಾಕಿಕೊಳ್ಳುತ್ತಾರೆ. ನಮಗೆ ವಿಮಾನ ಇರುತ್ತದೆ, ಅವರಿಗೆ ಇರುವುದಿಲ್ಲ. ಇದನ್ನು ಯಾವ ವಿಡಿಯೊದಲ್ಲೂ ತೋರಿಸುವುದಿಲ್ಲ.

ಇನ್ನೊಂದು, ಅಲ್ಲಿ ಹುಡುಗಿಯರಿಗೆ ಹೈಸ್ಕೂಲು ಬಾಗಿಲು ಮುಚ್ಚಿದೆ. ಬರೀ ಬೆಟ್ಟ ತೋರಿಸಿ ಎಷ್ಟು ಚಂದ ಅಂದರೆ ನನಗೆ ಸಂಕಟ ಆಗುತ್ತದೆ.

ಪ್ಯಾಕ್ ಮಾಡು ಗುರು

ಹಾಗಂತ ಯಾರೂ ಹೋಗದೇ ಇದ್ದರೆ ಅಲ್ಲಿನ ಹೋಟೆಲಿನವರು, ಗೈಡ್‌ಗಳು ಏನು ತಿನ್ನಬೇಕು ಸರ್?

ಸಲ್ಮಾ ಡ್ಯಾಮ್

ಒಳ್ಳೆ ಪ್ರಶ್ನೆ. ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಹೋಗಲೇಬೇಕಾದರೆ ವಿಮೆಯ ಕಾಗದ ಓದಿ. ಯುದ್ಧ, ಭಯೋತ್ಪಾದನೆ, ಸರ್ಕಾರ ಹೋಗಬೇಡಿ ಅಂದ ದೇಶ, ಇವುಗಳಿಗೆ ಸಾಮಾನ್ಯ ಪ್ರವಾಸ ವಿಮೆ ದುಡ್ಡು ಕೊಡುವುದಿಲ್ಲ.

ಅಲೀಪುರದವನು

ಗೌರಿಬಿದನೂರು ತಾಲ್ಲೂಕಿನ ನಮ್ಮೂರಿಂದ ಇರಾಕಿನ ಕರ್ಬಲಾಕ್ಕೆ ಎಷ್ಟೋ ಜನ ಹೋಗುತ್ತಾರೆ. ನನ್ನ ಅಜ್ಜಿಯೂ ಹೋಗಿ ಬಂದರು. ಇಮಾಮ್ ಹುಸೇನರ ನೆನಪಿನ ನಲವತ್ತನೇ ದಿನ, ಅರ್ಬಯೀನ್ ಸಮಯದಲ್ಲಿ ನಜಫ್‌ನಿಂದ ಕರ್ಬಲಾಕ್ಕೆ ಸುಮಾರು 80 ಕಿಲೋಮೀಟರ್ ನಡೆಯುತ್ತಾರೆ. ದಾರಿಯುದ್ದಕ್ಕೂ ಊಟ, ಹಾಸಿಗೆ, ಕಾಲು ಒತ್ತುವವರು. ಯಾರೂ ಒಂದು ದಿನಾರ್ ಕೇಳುವುದಿಲ್ಲ. ಟಿವಿಯಲ್ಲಿ ಇರಾಕ್ ಅಂದರೆ ಬಾಂಬ್ ಒಂದೇ. ಅಜ್ಜಿಗೆ ಇರಾಕ್ ಅಂದರೆ ಕಾಲಿಗೆ ಎಣ್ಣೆ ಹಚ್ಚಿದ ಹುಡುಗಿ.

ಹುಬ್ಬಳ್ಳಿ ಮಂದಿ

ಭಕ್ತಿ ಬೇರೆ ಬಿಡ್ರಿ. ಆದರೆ 2023ರಲ್ಲಿ ಸುಡಾನ್‌ನಲ್ಲಿ ನಮ್ಮ ಹಕ್ಕಿಪಿಕ್ಕಿ ಜನ ಸಿಕ್ಕಿಕೊಂಡಿದ್ದರಲ್ಲ. ಎಣ್ಣೆ ಮಾರಲು ಅಲ್ಲಿಗೆ ಯಾಕೆ ಹೋಗಬೇಕಿತ್ತು? ಸರ್ಕಾರ ಹಡಗು, ವಿಮಾನ ಕಳಿಸಬೇಕಾಯಿತು.

ಚನ್ನಗಿರಿ ಕಡೆಯವಳು

ಯಾಕೆ ಹೋಗಬೇಕಿತ್ತು ಅಂತ ಕೇಳಿದ್ದೀರಿ, ಹೇಳುತ್ತೇನೆ. ನಾನು ಆ ಸಮುದಾಯದವಳು.

ನಮ್ಮ ಹಿರಿಯರು ಹಕ್ಕಿ ಹಿಡಿದು ಬದುಕಿದವರು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅದು ನಿಂತಿತು. ಕೈಯಲ್ಲಿ ಉಳಿದದ್ದು ಗಿಡಮೂಲಿಕೆ ವಿದ್ಯೆ. ಜಾತ್ರೆ, ಸಂತೆ ಸುತ್ತಿ ತಲೆಗೂದಲ ಎಣ್ಣೆ, ನೋವಿನ ಎಣ್ಣೆ ಮಾರಿದೆವು. ಆಫ್ರಿಕಾದ ದೇಶಗಳಲ್ಲಿ ಅದಕ್ಕೆ ಒಳ್ಳೆ ಬೆಲೆ ಇದೆ ಅಂತ ಗೊತ್ತಾದ ಮೇಲೆ ಒಬ್ಬರ ಹಿಂದೆ ಒಬ್ಬರು ಹೋದರು. ಶಾಲೆ ಮೆಟ್ಟಿಲು ಹತ್ತದವರು ವೀಸಾ ಮಾಡಿಸಿ, ಅಲ್ಲಿನ ಭಾಷೆ ಕಲಿತು ವ್ಯಾಪಾರ ಮಾಡಿ ಬಂದಿದ್ದಾರೆ. ನಮ್ಮ ಕ್ಯಾಂಪಿನಲ್ಲಿ ಆರ್‌ಸಿಸಿ ಮನೆ ಎದ್ದದ್ದು, ನಾನು ಡಿಗ್ರಿ ಮುಗಿಸಿದ್ದು ಆ ದುಡ್ಡಿನಿಂದ.

ಅವರು ಹೋದಾಗ ಸುಡಾನ್‌ನಲ್ಲಿ ಯುದ್ಧ ಇರಲಿಲ್ಲ. ಏಪ್ರಿಲ್ 15ಕ್ಕೆ ಶುರುವಾಯಿತು. ಕೆಲವರು ದಾರ್ಫುರ್‌ನ ಎಲ್ ಫಾಶರ್‌ನಲ್ಲಿದ್ದರು, ಹಡಗು ಬರುವ ಪೋರ್ಟ್ ಸುಡಾನ್ ಅಲ್ಲಿಂದ ಸಾವಿರ ಕಿಲೋಮೀಟರಿಗೂ ಜಾಸ್ತಿ ದೂರ. ಫೋನ್ ಚಾರ್ಜ್ ಇಲ್ಲ, ಅನ್ನ ಇಲ್ಲ, ಬಾಡಿಗೆ ಕೋಣೆಯಲ್ಲಿ ನೆಲಕ್ಕೆ ಮಲಗಿದ್ದರು. ಇಲ್ಲಿ ನಾವು ರಾತ್ರಿಯೆಲ್ಲ ಫೋನ್ ಹಿಡಿದು ಕೂತಿದ್ದೆವು. ಆಪರೇಷನ್ ಕಾವೇರಿಯಲ್ಲಿ ಜೆಡ್ಡಾಕ್ಕೆ ಕರೆತಂದು ಅಲ್ಲಿಂದ ಊರಿಗೆ ಕಳಿಸಿದರು. ಆ ಸಹಾಯ ನಾವು ಮರೆಯಲ್ಲ.

ಸಾಫ್ಟ್‌ವೇರ್‌ನವರು ಹೋದರೆ ಅವಕಾಶ, ನಾವು ಹೋದರೆ ಯಾಕೆ ಹೋಗಬೇಕಿತ್ತು, ಹೀಗೆ ಕೇಳಬೇಡಿ ಅಣ್ಣಾ. ನೋವಾಗುತ್ತದೆ.

ಹುಬ್ಬಳ್ಳಿ ಮಂದಿ

ತಂಗೀ, ನೋವು ಮಾಡಬೇಕು ಅಂತ ಬರೆದದ್ದಲ್ಲ. ನಿಮ್ಮ ಮಾತು ಒಪ್ಪಿದೆ.

ಮಂಡ್ಯದ ಗೌಡ್ರು

ಚನ್ನಗಿರಿ ತಂಗಿ ಬರೆದದ್ದನ್ನು ಎಲ್ಲರೂ ಎರಡು ಸಲ ಓದಿ.

ಕೊಪ್ಪಳ ಪಾಸ್‌ಪೋರ್ಟ್

ಕಾಗದದ ವಿಷಯ ಬಂತಲ್ಲ, ನಾಲ್ಕು ಸೇರಿಸುತ್ತೇನೆ. ಹತ್ತನೇ ಪಾಸಾಗದವರ ಪಾಸ್‌ಪೋರ್ಟ್‌ನಲ್ಲಿ ಸಾಮಾನ್ಯವಾಗಿ ಇಸಿಆರ್ (ಎಮಿಗ್ರೇಷನ್ ಚೆಕ್ ರಿಕ್ವೈರ್ಡ್) ಅಂತ ಇರುತ್ತದೆ. ಗಲ್ಫ್, ಇರಾಕ್, ಲಿಬಿಯಾ, ಸುಡಾನ್ ಹೀಗೆ 18 ದೇಶಗಳಿಗೆ ಕೆಲಸಕ್ಕೆ ಹೋಗುವುದಾದರೆ ಅಂಥವರು ಸರ್ಕಾರದ ಅನುಮತಿ ಪಡೆಯಬೇಕು. ಏಜೆಂಟ್ "ವಿಸಿಟ್ ವೀಸಾದಲ್ಲಿ ಹೋಗು, ಆಮೇಲೆ ನೋಡಿಕೊಳ್ಳೋಣ" ಅಂದರೆ ಹೋಗಬೇಡಿ. ಅನುಮತಿ ಪಡೆದು ಹೋದವರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆಯಲ್ಲಿ 10 ಲಕ್ಷದ ವಿಮೆ ಇದೆ, ಎರಡು ವರ್ಷಕ್ಕೆ 275 ರೂಪಾಯಿ. ತೊಂದರೆ ಆದರೆ ವಿದೇಶಾಂಗ ಇಲಾಖೆಯ ಮದದ್ ಪೋರ್ಟಲ್‌ನಲ್ಲಿ ದೂರು ಹಾಕಬಹುದು. ಮನೆಯವರೂ ಇಲ್ಲಿಂದಲೇ ಹಾಕಬಹುದು.

ಲೆಕ್ಕಾಚಾರ

ಇದನ್ನು ಪಿನ್ ಮಾಡಿ ಯಾರಾದರೂ.

ತುಮಕೂರು ರಾಗಿ

ವಿಷಯ ಬಿಟ್ಟು ಒಂದು ಪ್ರಶ್ನೆ. ಜೋಬರ್ಗ್‌ನಲ್ಲಿ ಸಸ್ಯಾಹಾರಿಗಳಿಗೆ ಊಟ ಹೇಗೆ? ನನ್ನ ತಂಗಿಯೂ ಹೋಗುವವಳಿದ್ದಾಳೆ.

ರಾಂಡ್‌ಬರ್ಗ್ ರಾಯರು

ಚಿಂತೆಯೇ ಬೇಡ. ಫೋರ್ಡ್ಸ್‌ಬರ್ಗ್‌ಗೆ ಹೋದರೆ ಬೇಳೆ, ಸಾಂಬಾರ್ ಪುಡಿ, ಕರಿಬೇವು ಎಲ್ಲ ಸಿಗುತ್ತದೆ. ಲೆನೇಶಿಯಾದಲ್ಲೂ ಭಾರತೀಯ ಮೂಲದವರೇ ಜಾಸ್ತಿ. ಅವರ ಹಿರಿಯರು 1860ರಿಂದ ಡರ್ಬನ್ ಕಡೆಯ ಕಬ್ಬಿನ ಗದ್ದೆಗೆ ಕೂಲಿಗಳಾಗಿ ಬಂದವರು, ಆಮೇಲೆ ವ್ಯಾಪಾರಿಗಳೂ ಬಂದರು. ಅಲ್ಲಿನ ಒಬ್ಬ ಅಜ್ಜಿ ನನಗೆ ಮಾವಿನ ಉಪ್ಪಿನಕಾಯಿ ಕೊಟ್ಟು, ನೀನು ಅಲ್ಲಿಂದ ನೇರ ಬಂದವನಾ ಅಂತ ಕೈ ಹಿಡಿದುಕೊಂಡರು.

ಇಲ್ಲಿನವರು ಜೋಳದ ಹಿಟ್ಟಿನಲ್ಲಿ ಪಾಪ್ ಅಂತ ಮಾಡುತ್ತಾರೆ, ಮೆಕ್ಕೆಜೋಳದ್ದು. ಗಟ್ಟಿಯಾಗಿ ಬೇಯಿಸಿ ಕೈಯಲ್ಲಿ ಮುರಿದು ಸಾರಿನ ಜೊತೆ ತಿನ್ನುವುದು, ನಮ್ಮ ಮುದ್ದೆಯ ಹಾಗೆ. ಟೊಮೆಟೊ ಈರುಳ್ಳಿ ಗೊಜ್ಜಿನ ಜೊತೆ ಚೆನ್ನಾಗಿರುತ್ತದೆ.

ಮಂಡ್ಯದ ಗೌಡ್ರು

ಮುದ್ದೆ ನುಂಗಬೇಕು ರಾಯರೇ, ಪಾಪ್ ಅಗಿಯಬೇಕು. ಅದೇ ದೊಡ್ಡ ವ್ಯತ್ಯಾಸ.

ತುಮಕೂರು ರಾಗಿ

ಗೌಡ್ರು ಹೇಳಿದ್ದೇ ಸರಿ. ಅಗಿದರೆ ಅದು ಮುದ್ದೆ ಅಲ್ಲ.

ಸ್ಮಿತಾ, ದಾವಣಗೆರೆ

ನಿನ್ನೆ ರಾತ್ರಿ ಅಪ್ಪನನ್ನು ಕೂರಿಸಿಕೊಂಡು ಇದನ್ನೆಲ್ಲ ಓದಿ ಹೇಳಿದೆ. ಗೌಡ್ರು ಬರೆದದ್ದನ್ನೂ ಬಿಡಲಿಲ್ಲ. ಭಂಡಾರಿ ಮಾಮನದ್ದು ಕೇಳಿ ಅಪ್ಪ ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ "ಕಾಗದ ಎಲ್ಲ ನನ್ನ ಹತ್ತಿರ ಒಂದು ಸೆಟ್ ಕೊಡು" ಅಂದರು. ಒಪ್ಪಿದರು ಅಂತ ಹೇಳಲಾರೆ, ಬೇಡ ಅನ್ನುವುದು ನಿಂತಿದೆ. ಅಮ್ಮ ಇನ್ನೂ ವಿಡಿಯೊ ಕಳಿಸುತ್ತಿದ್ದಾರೆ.

ಕಂಪನಿಗೆ ಮೇಲ್ ಹಾಕಿದೆ. ಸ್ಟೇಷನ್ ಹತ್ತಿರದ ಅಪಾರ್ಟ್‌ಮೆಂಟ್, ಹಗಲಲ್ಲಿ ಇಳಿಯುವ ವಿಮಾನ, ತಡವಾದ ದಿನ ಆಫೀಸಿನಿಂದ ಗಾಡಿ. ಮೂರಕ್ಕೂ ಹೂಂ ಅಂದರೆ ಹೋಗುತ್ತೇನೆ. ಟಿಕೆಟ್ ಅಡಿಸ್ ಅಬಾಬಾ ಮೇಲೆ ಸಿಗಬಹುದು ಅಂತಿದ್ದಾರೆ. ಅದಕ್ಕೆ ಬೇರೆ ಏನಾದರೂ ಬೇಕಾ?

ಕೊಪ್ಪಳ ಪಾಸ್‌ಪೋರ್ಟ್

ಬೇಕಾಗಬಹುದು. ಇಥಿಯೋಪಿಯಾ, ಕೀನ್ಯಾ ಹಳದಿ ಜ್ವರ ಇರುವ ದೇಶಗಳು. ಅಲ್ಲಿನ ವಿಮಾನ ನಿಲ್ದಾಣದಲ್ಲಿ 12 ಗಂಟೆಗಿಂತ ಹೆಚ್ಚು ಕಾದರೆ ದಕ್ಷಿಣ ಆಫ್ರಿಕಾದವರು ಲಸಿಕೆಯ ಕಾರ್ಡ್ ಕೇಳುತ್ತಾರೆ. ವಾಪಸ್ ಬರುವಾಗ ನಮ್ಮ ಕಡೆಯೂ ಕೇಳಬಹುದು. ಕಾರ್ಡ್ ಇಲ್ಲದಿದ್ದರೆ ಆರು ದಿನದವರೆಗೆ ಕ್ವಾರಂಟೈನ್‌ನಲ್ಲಿ ಇಡಬಹುದು. ಲಸಿಕೆಯನ್ನು ಸರ್ಕಾರ ಒಪ್ಪಿದ ಕೇಂದ್ರಗಳಲ್ಲಿ ಮಾತ್ರ ಹಾಕುತ್ತಾರೆ. ಚುಚ್ಚಿಸಿಕೊಂಡ ಹತ್ತು ದಿನದ ಮೇಲೆ ಕಾರ್ಡ್ ಲೆಕ್ಕಕ್ಕೆ ಬರುತ್ತದೆ, ಆಮೇಲೆ ಜೀವನಪೂರ್ತಿ ನಡೆಯುತ್ತದೆ. ಈ ವಾರವೇ ಫೋನ್ ಮಾಡಿ ದಿನ ಗೊತ್ತು ಮಾಡಿಕೊಳ್ಳಿ, ತಡ ಮಾಡಬೇಡಿ.

ವನಮಾಲಾ ಧಾರವಾಡ

ಜೂನ್, ಜುಲೈಯಲ್ಲಿ ಹೋಗುವುದಾದರೆ ಸ್ವೆಟರ್ ಬೇಕೇ ಬೇಕು, ಮನೆಯೊಳಗೂ ನಡುಗುತ್ತೀರಿ. ನಮ್ಮ ಗೀಸರ್‌ಗೆ ಹಾಕುವ ದೊಡ್ಡ ಮೂರು ಪಿನ್ನಿನ ಪ್ಲಗ್ ಅಲ್ಲಿನ ಸಾಕೆಟ್‌ಗೆ ಹೊಂದುತ್ತದೆ, ಅಂಥದ್ದೊಂದು ಎಕ್ಸ್‌ಟೆನ್ಷನ್ ಇಟ್ಟುಕೊಳ್ಳಿ. ನನ್ನ ಪಾರ್ಕ್‌ರನ್ ಸ್ನೇಹಿತೆಯರು ಇನ್ನೂ ಅಲ್ಲೇ ಇದ್ದಾರೆ. ಮೆಸೇಜ್ ಮಾಡಿ, ಅವರ ನಂಬರ್ ಕೊಡುತ್ತೇನೆ. ಮೊದಲ ಶನಿವಾರವೇ ಕರೆದುಕೊಂಡು ಹೋಗುತ್ತಾರೆ.